ಹುಣಸೆ ಮರದ ಬಾಡಿಗೆ

ಇವತ್ತು ಮದ್ದೂರು ತಾಲ್ಲೂಕಿನ ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಒಂದು ಮನೆ ಪಕ್ಕದ ಹುಣಸೆ ಮರದ ತುಂಬಾ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯ ಗೂಡು. ಕೆಳಗೆ ನೆಲವೆಲ್ಲ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ. ಹಸಿ ಮೀನಿನ ವಾಸನೆ ಬೇರೆ.

ಜಗುಲಿ ಮೇಲಿದ್ದ ಅಜ್ಜಿಯನ್ನು ಕೇಳಿದೆ, "ಈ ವಾಸನೆ ಹೆಂಗಜ್ಜಿ ತಡ್ಕೋತೀರಾ?"

"ಬಾಣಂತನಕ್ಕೆ ಬಂದ ಮಗಳ್ನ ವಾಸ್ನೆ ಅಂತ ಆಚೆಗ್ ಕಳಿಸ್ತೀವಾ ಮಗ?"

ನಾನು ಸುಮ್ಮನಾದೆ.

ಹಕ್ಕಿ ಗೂಡು ಕಟ್ಟಿದ ಮೇಲೆ ಆ ಮರದ ಹುಣಸೆಹಣ್ಣು ಇವರು ಬಡಿಯುವುದಿಲ್ಲ. ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಪರಿಹಾರ ಕೊಡುತ್ತದೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವ ತನಕ ಸಾಕುವವರೂ ಇದೇ ಊರಿನವರು. 2007ರಲ್ಲಿ ಇದು ಸರ್ಕಾರದ ಕಾಗದದಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು, ಅಂದರೆ ಊರವರೂ ಸೇರಿ ಕಾಯುವ ಜಾಗ. ಆದರೆ ಹಕ್ಕಿ ಕಾಯುವ ಕೆಲಸ ಆ ಕಾಗದಕ್ಕಿಂತ ಎಷ್ಟೋ ಹಳೆಯದು.

ನಾವು ಬರುವವರೋ? ಹೆದ್ದಾರಿಯಲ್ಲೇ ಮದ್ದೂರು ವಡೆ ತಿಂದು, ನೀರಿನ ಬಾಟಲಿ ಹಿಡಿದು, ಉದ್ದ ಲೆನ್ಸ್ ಹಾಕಿ ಹತ್ತಾರು ಫೋಟೋ ಹೊಡೆದು ವಾಪಸ್. ಊರಲ್ಲಿ ಒಂದು ಟೀ ಕೂಡ ಕುಡಿಯಲ್ಲ. ಇದಕ್ಕೆ ಪರಿಸರ ಪ್ರವಾಸ ಅಂತ ದೊಡ್ಡ ಹೆಸರು ಬೇರೆ! ಹಕ್ಕಿ ನೋಡೋ ಖುಷಿ ನಮಗೆ, ಅಂಗಳ ಗುಡಿಸೋ ಕೆಲಸ ಅಜ್ಜಿಗೆ. ಯಾವ ನ್ಯಾಯ, ಅಲ್ವಾ?

ಅದೇ ಜಗುಲಿಯಲ್ಲಿ ಮುದ್ದೆ, ಉಪ್ಸಾರು ದುಡ್ಡಿಗೆ ಸಿಗುವ ಹಾಗಿದ್ದರೆ ನಾನಂತೂ ಕೂತುಬಿಡುತ್ತಿದ್ದೆ.

ಹೋಗೋರಿದ್ದರೆ ಬೇಸಿಗೆ ಮುಗಿಯೋದರೊಳಗೆ ಹೋಗಿ. ಊರಿನ ಹುಡುಗರು ಜೊತೆಗೆ ಬಂದು ಗೂಡು ತೋರಿಸಿದರೆ ದಯವಿಟ್ಟು ಚೌಕಾಸಿ ಮಾಡಬೇಡಿ.