ತಗರ ಹೋರಟೆ

ಶ್ರಾವಣ ಬಂತೆಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ಪುರಾಣಿಕರು ಒಬ್ಬರು, ಪೇಟಿ ಬಾರಿಸುತ್ತಾ ಹಾಡುವ ಗವಾಯಿ ಒಬ್ಬರು, ತಬಲಾದವರು ಒಬ್ಬರು. ತಿಂಗಳಿಡೀ ರಾತ್ರಿ ಊಟ ಮುಗಿಸಿ ಜನ ಗುಡಿಗೆ ಬರುತ್ತಾರೆ. ಕಡೆಯ ದಿನ ಪುರಾಣ ಮಂಗಲ, ಹುಗ್ಗಿ ಊಟ. ಬಸವನ ಬಾಗೇವಾಡಿ ತಾಲೂಕಿನ ನಮ್ಮ ಸೋದರಮಾವನ ಊರಲ್ಲೂ ಹೀಗೇ.

ನಾನು ಹೋಗಿದ್ದು ಪುರಾಣ ಕೇಳುವುದಕ್ಕಲ್ಲ. ಹೊಲದಲ್ಲಿ ಹೆಸರುಕಾಯಿ ಬಿಡಿಸಲು ಆಳು ಸಿಗುತ್ತಿಲ್ಲ, ಎರಡು ದಿನ ಬಂದು ಹೋಗು ಅಂತ ಮಾವ ಫೋನ್ ಮಾಡಿದ್ದರು. ಶನಿವಾರ ಬೆಳಿಗ್ಗೆ ವಿಜಯಪುರದಿಂದ ಬಸ್ ಹತ್ತಿದೆ. ಹೊಲದಲ್ಲಿ ನಾನು ಕಡಿದು ಕಟ್ಟೆ ಹಾಕಿದ್ದು ಅಷ್ಟರಲ್ಲೇ ಇದೆ ಬಿಡಿ. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿಯಿತು. ಬದುವಿನ ಮೇಲೆ ಬೇವಿನ ಗಿಡದ ನೆರಳಲ್ಲಿ ಕೂತು ಚೀಲದಿಂದ ಪುಸ್ತಕ ತೆಗೆದೆ. ಅದನ್ನು ಮಾವ ನೋಡಿದರು. ಅದೇ ಕಂಟಕವಾಯಿತು.

ಅವತ್ತು ಸಂಜೆ ಪುರಾಣಿಕರಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಬಿಸಿನೀರು, ಜೇಷ್ಠಮಧು, ಅರಿಶಿನ ಹಾಕಿದ ಹಾಲು ಎಲ್ಲ ಆಯಿತು. ಹಚ್ಚಿದ ಪುರಾಣ ಒಂದು ದಿನವೂ ನಿಲ್ಲಬಾರದು ಅಂತ ಕಮಿಟಿಯ ಹಿರಿಯರಿಗೆ ಚಿಂತೆ. ಆಗ ಮಾವ ಕಟ್ಟೆಯ ಮೇಲಿಂದಲೇ ಹೇಳಿಬಿಟ್ಟರು. "ನಮ್ಮ ಅಳಿಯ ಬಂದಾನಲ್ರಿ. ಬಿಜಾಪುರದಾಗ ಮನಿ ತುಂಬ ಬರೇ ಪುಸ್ತಕಾನ ಇಟ್ಟಾನ. ಎರಡು ಮಾತು ಹೇಳ್ತಾನ ತಗೋರಿ."

ಪುಸ್ತಕ ಇಟ್ಟಿರುವುದು ನಿಜ. ನಾನು ವಿಜಯಪುರದ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಓದುವ ಚಟ ಹತ್ತಿದ್ದು ಕೇಳುವ ಚಟದಿಂದ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಎಲ್ಲೇ ಇದ್ದರೂ ಬೆಳಗಿನ ಕತ್ತಲಲ್ಲಿ ಎದ್ದು ಹೋಗುತ್ತಿದ್ದೆ. ಕಿಸೆಯೇ ಇಲ್ಲದ ಬಿಳಿ ಅಂಗಿ ಹಾಕಿಕೊಂಡು ಕೂತು, ಪಕ್ಕದ ಮನೆಯವರ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದರು. ಸಾವಿರಾರು ಜನ ಕೂತಿದ್ದರೂ ಕೆಮ್ಮಿದ ಸದ್ದು ಕೇಳಿಸುತ್ತಿತ್ತು. 2018ರಲ್ಲಿ ಪದ್ಮಶ್ರೀ ಕೊಟ್ಟಾಗ ಬೇಡ ಅಂದವರು ಅವರು. 2023ರ ಜನವರಿ 2ರಂದು ಹೋದರು. ಸಮಾಧಿ, ಗುಡಿ ಏನೂ ಬೇಡ ಅಂತ ಮೊದಲೇ ಬರೆದಿಟ್ಟಿದ್ದರು. ಅಲ್ಲಿಂದಾಚೆಗೆ ಕೇಳುವುದು ನಿಂತಿತು, ಓದುವುದು ಜಾಸ್ತಿಯಾಯಿತು. ಉಪನಿಷತ್ತು, ಬುದ್ಧನ ಮಾತು, ಶಂಕರರು, ವಚನ. ಸಿಕ್ಕಿದ್ದೆಲ್ಲ ತಂದೆ. ಪೆನ್ಸಿಲ್ ಹಿಡಿದುಕೊಂಡು ಸಾಲಿನ ಕೆಳಗೆ ಗೆರೆ ಎಳೆದೆ. ಗೆರೆ ಎಳೆದರೆ ಅರ್ಥವಾಯಿತು ಅಂತಲೇ ನನ್ನ ಲೆಕ್ಕ.

ಎಳೆದ ಗೆರೆಗಳೆಲ್ಲ ಉಪಯೋಗಕ್ಕೆ ಬರುತ್ತಿದ್ದುದು ಅಂಗಡಿಯಲ್ಲಿ, ಸಂಜೆಯ ಚಹಾದ ಹೊತ್ತಿಗೆ. ನನ್ನ ಎದುರಿನ ಟೇಬಲ್ಲಿನವನು ಮಾಧ್ವ ಮನೆತನದವನು, ನಾನು ಲಿಂಗಾಯತ. ಆದರೆ ಜಗಳದಲ್ಲಿ ನಾನು ಹಿಡಿಯುತ್ತಿದ್ದುದು ಶಂಕರರ ಪಕ್ಷ. ಯಾಕೆ ಅಂದರೆ, ಅವನ ವಿರುದ್ಧ ನಿಲ್ಲುವುದಕ್ಕೆ ಅದೇ ಸರಿಯಾದ ಜಾಗ, ಅಷ್ಟೇ. ಹಗ್ಗವನ್ನು ಹಾವು ಅಂತ ಭ್ರಮಿಸಿದ ಹಾಗೆ ಈ ಜಗತ್ತು ಅನ್ನುವ ಮಾತು ನಾನು ತೆಗೆದರೆ ಅವನು ಪಂಚಭೇದ ತೆಗೆಯುತ್ತಿದ್ದ. ದೇವರು ಬೇರೆ, ಜೀವ ಬೇರೆ, ಜಡ ಬೇರೆ, ಒಂದು ಜೀವದಿಂದ ಇನ್ನೊಂದು ಜೀವ ಬೇರೆ, ಒಂದು ಜಡದಿಂದ ಇನ್ನೊಂದು ಜಡ ಬೇರೆ. "ಜಗತ್ತು ಮಿಥ್ಯೆ ಅಂದ್ರ ಈ ಯೂರಿಯಾ ಚೀಲಾನೂ ಮಿಥ್ಯೆ ಏನಪಾ? ಹಂಗಾದ್ರ ಸ್ಟಾಕ್ ಬುಕ್ಕಿನ್ಯಾಗ ಯಾಕ ಬರೀತಿ?" ಅಂತ ಕೇಳುತ್ತಿದ್ದ. ಆರು ವರ್ಷದಿಂದ ಇದು ನಡೆದಿದೆ. ನಾನು ಮನೆಗೆ ಹೋಗಿ ಹೊಸ ಸಾಲು ಹುಡುಕುವುದು, ಅವನು ಮನೆಗೆ ಹೋಗಿ ಹೊಸ ಸಾಲು ಹುಡುಕುವುದು. ಮರುದಿನ ಮತ್ತೆ ಶುರು.

ಗುಡಿಯಲ್ಲಿ ನನ್ನನ್ನು ಗಾದಿಯ ಮೇಲೆ ಕೂರಿಸಿದರು. ಮುಂದೆ ಮೈಕ್, ಪಕ್ಕದಲ್ಲಿ ತಂಬಿಗೆ. ಮೊದಲು ಅವತ್ತಿನ ಪ್ರಸಾದದ ಸೇವೆ ಮಾಡಿದವರಿಗೆ ಶಾಲು ಹೊದಿಸಿದರು. ಅವರ ಹೆಸರು, ಅಪ್ಪನ ಹೆಸರು, ಮಕ್ಕಳು ಯಾವ ಊರಲ್ಲಿ ಯಾವ ನೌಕರಿಯಲ್ಲಿದ್ದಾರೆ ಎಲ್ಲ ಮೈಕಿನಲ್ಲಿ ಹೇಳಿ ಆಯಿತು. ಚಪ್ಪಾಳೆ. ಗವಾಯಿಗಳು ಒಂದು ಪದ ಹಾಡಿದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು.

ಚೀಲದಲ್ಲಿದ್ದ ವಚನದ ಪುಸ್ತಕ ತೆರೆದೆ. ಗೆರೆ ಎಳೆದ ಪುಟವೇ ಬಂತು, ಓದಲು ಶುರು ಮಾಡಿದೆ. ಅಲ್ಲಮಪ್ರಭುವಿನದು.

"ವೇದವೆಂಬುದು ಓದಿನ ಮಾತು, ಶಾಸ್ತ್ರವೆಂಬುದು ಸಂತೆಯ ಸುದ್ದಿ..."

ಇಷ್ಟರವರೆಗೆ ಚೆನ್ನಾಗಿತ್ತು. ಕೆಲವರು ತಲೆದೂಗಿದರು. ಮುಂದಿನ ಸಾಲು ನನ್ನ ಕಣ್ಣಿಗೆ ಬಿದ್ದಾಗ ಬಾಯಿ ಆಗಲೇ ತೆರೆದಿತ್ತು.

"ಪುರಾಣವೆಂಬುದು ಪುಂಡರ ಗೋಷ್ಠಿ."

ತಿಂಗಳಿಡೀ ಪುರಾಣ ನಡೆಯುತ್ತಿರುವ ಗುಡಿಯಲ್ಲಿ, ಪುರಾಣಿಕರ ಗಾದಿಯ ಮೇಲೆ ಕೂತು, ನಾಲ್ಕು ದಿಕ್ಕಿಗೆ ಕಟ್ಟಿದ ಹಾರ್ನಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಈ ಮಾತು ಹೇಳಿದ್ದೆ. ಹಿಂದೆ ನಿಂತ ಹುಡುಗರು ಹೋ ಅಂದರು. ಒಬ್ಬ ಸೀಟಿ ಹೊಡೆದ. ತಬಲಾದವರು ನಗು ತಡೆಯಲಾಗದೆ ತಬಲಾ ಮೇಲೆ ತಲೆ ಇಟ್ಟರು. ಪುರಾಣಿಕರು ಕುತ್ತಿಗೆಗೆ ಶಾಲು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನಿಲ್ಲಿಸುವುದೋ, ಓದುವುದೋ? ಓದಿದೆ.

"ತರ್ಕವೆಂಬುದು ತಗರ ಹೋರಟೆ. ಭಕ್ತಿಯೆಂಬುದು ತೋರಿ ಉಂಬ ಲಾಭ."

ತೋರಿಸಿ ಉಣ್ಣುವ ಲಾಭವಂತೆ ಭಕ್ತಿ. ಶಾಲು ಹೊದ್ದ ಯಜಮಾನರು ಸರಿಯಾಗಿ ನನ್ನ ಎದುರಿಗೇ ಕೂತಿದ್ದರು. ಅವರು ನಿಧಾನಕ್ಕೆ ಶಾಲು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ಮಾವ ಗುಡಿಯ ಜಂತಿ ಎಣಿಸುತ್ತಿದ್ದರು. "ಗುಹೇಶ್ವರನೆಂಬುದು ಮೀರಿದ ಘನವು" ಅನ್ನುವ ಕಡೆಯ ಸಾಲನ್ನು ನಾನು ಓದಿದ್ದು ಮೈಕಿಗೂ ಕೇಳಿಸಿರಲಿಕ್ಕಿಲ್ಲ.

ಇನ್ನು ಅರ್ಥ ಹೇಳಬೇಕಲ್ಲ. ವೇದ, ಪುರಾಣ, ಭಕ್ತಿ ಮೂರನ್ನೂ ಮುಟ್ಟುವ ಹಾಗಿರಲಿಲ್ಲ. ಸುರಕ್ಷಿತವಾಗಿ ಕಂಡಿದ್ದು ತರ್ಕ ಒಂದೇ. ಆ ಊರಲ್ಲಿ ತಾರ್ಕಿಕರು ಅಂತ ಯಾರೂ ಬೇಜಾರು ಮಾಡಿಕೊಳ್ಳುವವರಿಲ್ಲ. "ತಗರು ಅಂದರೆ ಟಗರು. ಹೋರಟೆ ಅಂದರೆ ಹೋರಾಟ. ತರ್ಕ ಅನ್ನುವುದು ಟಗರಿನ ಕಾಳಗವಿದ್ದಂತೆ, ಅದರಿಂದ ಪ್ರಯೋಜನವಿಲ್ಲ ಅಂತ ಪ್ರಭುಗಳು ಹೇಳುತ್ತಾರೆ" ಅಂದೆ. ಪುಸ್ತಕದ ಅಡಿಟಿಪ್ಪಣಿಯಲ್ಲಿ ಇದ್ದಿದ್ದೂ ಅಷ್ಟೇ.

ಪೌಳಿಯ ಕಂಬಕ್ಕೆ ಒರಗಿ ಕಂಬಳಿ ಹೊದ್ದು ಕೂತಿದ್ದ ಅಜ್ಜ ಒಬ್ಬರು ಅಲ್ಲಿಂದಲೇ ಕೇಳಿದರು. "ತಮ್ಮಾ, ಟಗರಿನ ಕಾಳಗ ನೋಡಿಯೇನು?"

"ನೋಡಿಲ್ರಿ ಅಜ್ಜಾರ" ಅಂದೆ. ಮೊಬೈಲಿನಲ್ಲಿ ನೋಡಿದ್ದೆ, ಆದರೆ ಹೇಳುವುದಕ್ಕೆ ನಾಚಿಕೆಯಾಯಿತು.

"ಮತ್ತ ಪ್ರಯೋಜನ ಇಲ್ಲ ಅಂತ ಹೆಂಗ ಹೇಳ್ತಿ?"

ಜನ ನಕ್ಕರು. ಆದರೆ ಅಜ್ಜ ಕೇಳಿದ್ದು ನಗಿಸುವುದಕ್ಕಲ್ಲ. ಅವರು ಟಗರು ಸಾಕುವವರು. ಜಾತ್ರೆಗಳಲ್ಲಿ ಹಲ್ಲಿನ ಲೆಕ್ಕದ ಮೇಲೆ ಟಗರು ಬಿಡುತ್ತಾರೆ, ಹಾಲುಹಲ್ಲಿನದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು ಅಂತ. ಕೂತಲ್ಲಿಂದಲೇ ಎರಡು ಮುಷ್ಟಿ ಎತ್ತಿ ತೋರಿಸಿದರು. "ಇದೊಂದು ಟಗರು, ಇದೊಂದು ಟಗರು. ಹಾಯ್ಬೇಕಂದ್ರ ಮೊದಲ ಏನ್ ಮಾಡ್ತಾವ ಹೇಳು. ಹಿಂದಕ್ಕ ಸರೀತಾವ. ಹಿಂದ್ಹಿಂದ ನಡದು ತಿರುಗಿ ಓಡಿ ಬಂದು ಢೀ ಅಂತಾವ. ಮತ್ತ ಹಿಂದಕ್ಕ. ಮತ್ತ ಢೀ. ಐವತ್ತು ಸಲ ಗುದ್ದಿದ್ರೂ ಗುದ್ದೂ ಜಾಗ ಅದ. ಒಂದರೆ ಒಂದ್ ಹೆಜ್ಜಿ ಮುಂದ ಹೋಗಿರೂದಿಲ್ಲ." ಮುಷ್ಟಿಗಳು ಗಾಳಿಯಲ್ಲಿ ಎರಡು ಸಲ ಕೂಡಿದವು. "ಗೆದ್ದದ್ದಕ್ಕೇನು ತಿಳೀತೈತಿ? ಬೆಳ್ಳಿ ಕಡಗ ಮಾಲಕಗ. ಆಮ್ಯಾಲ ಎರಡಕ್ಕೂ ಒಂದ ಬುಟ್ಟ್ಯಾಗ ಹುಲ್ಲು ಹಾಕಿದ್ರ ಕೂಡಿ ತಿಂತಾವ."

ಗುಡಿ ಸುಮ್ಮನಾಗಿತ್ತು. ನಾನು ಪುಸ್ತಕ ಮುಚ್ಚಿದೆ. ಗೆದ್ದವನಿಗೆ ಗೆದ್ದದ್ದು ಗೊತ್ತಿರುವುದಿಲ್ಲ ಅನ್ನುವುದು ಆ ಅಡಿಟಿಪ್ಪಣಿ ಬರೆದವರಿಗೆ ಎಲ್ಲಿಂದ ಹೊಳೆಯಬೇಕು? ಹಿಂದಕ್ಕೆ ಸರಿಯುವುದೂ ಜಗಳದ ಭಾಗವೇ ಅಂತ ನನಗೆ ಎಲ್ಲಿಂದ ಹೊಳೆಯಬೇಕು? ಆರು ವರ್ಷ ದಿನಾ ಸಂಜೆ ಢೀ ಅಂದು, ರಾತ್ರಿ ಮನೆಗೆ ಹೋಗಿ ಹಿಂದ್ಹಿಂದೆ ನಡೆದಿದ್ದೆ. ಅದನ್ನು ಅಧ್ಯಯನ ಅಂದುಕೊಂಡಿದ್ದೆ.

ಅಜ್ಜನಿಗೆ ಹುರುಪು ಬಂದಿತ್ತು. "ಹರದೇಶಿ-ನಾಗೇಶಿ ಕೇಳಿಯಿಲ್ಲೋ?" ಅಂದರು. ಅದನ್ನು ಕೇಳಿದ್ದೆ. ನಮ್ಮ ಕಡೆ ಜಾತ್ರೆಗಳಲ್ಲಿ ಎರಡು ಮೇಳ ಎದುರುಬದುರು ನಿಂತು ರಾತ್ರಿಯಿಡೀ ಹಾಡುತ್ತವೆ. ಹರದೇಶಿಯವರು ಶಿವನೇ ದೊಡ್ಡವ, ಗಂಡೇ ಹೆಚ್ಚು ಅಂತ, ನಾಗೇಶಿಯವರು ಶಕ್ತಿಯೇ ದೊಡ್ಡವಳು, ಹೆಣ್ಣೇ ಹೆಚ್ಚು ಅಂತ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಪುರುಷ-ಪ್ರಕೃತಿ ಅಂತ ನಾನು ದಪ್ಪ ಪುಸ್ತಕದಲ್ಲಿ ಓದಿದ್ದು ಇದನ್ನೇ. ಮೇಳದವರು ಬಾರಿಸುವ ದಪ್ಪಿನ ಸದ್ದನ್ನು ಕಿವಿಯ ಪಕ್ಕದಲ್ಲೇ ಕೇಳಿದ್ದರೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ. "ಬೆಳತನಕ ಬೈದಾಡ್ತಾರ. ಮುಂಜಾನಿ ಎರಡೂ ಮೇಳ ಒಂದ ಜೀಪಿನ್ಯಾಗ ಹೋಗ್ತಾರ" ಅಂತ ಅಜ್ಜ ಮುಗಿಸಿದರು. ಗವಾಯಿಗಳಿಗೆ ಇದು ಸಾಕಾಯಿತು. ಪೇಟಿ ಎಳೆದುಕೊಂಡು ಒಂದು ಸವಾಲಿನ ಪದ ತೆಗೆದೇಬಿಟ್ಟರು. ನನ್ನ ಮಾನ ಉಳಿಯಿತು.

ಊಟದ ಸಾಲಿನಲ್ಲಿ ಶಾಲಿನ ಯಜಮಾನರೇ ನನಗೆ ಸಜ್ಜಕ ಬಡಿಸಿದರು. ಏನೂ ಅನ್ನಲಿಲ್ಲ. ಎರಡು ಸಲ ಬಡಿಸಿದರು.

ಮನೆಗೆ ಬಂದು ಪಡಸಾಲೆಯಲ್ಲಿ ಮಲಗಿದಾಗ ದೇವರ ಜಗುಲಿ ಕಾಣುತ್ತಿತ್ತು. ಅದರ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ ಚಿಕ್ಕಂದಿನಿಂದ ನೋಡಿದ್ದೇನೆ. ಸೋಮವಾರ ಸೋಮವಾರ ಅತ್ತೆ ಅದಕ್ಕೆ ವಿಭೂತಿ ಹಚ್ಚಿ ಹೂವು ಏರಿಸುತ್ತಾರೆ. ಯಾವ ಪುಸ್ತಕ ಅಂತ ಕೇಳಿದರೆ "ದೇವರ ಪುಸ್ತಕ" ಅನ್ನುತ್ತಾರೆ. ಬಿಚ್ಚಿದವರಿಲ್ಲ. ಒಂದು ಕಾಲಕ್ಕೆ ವಚನಗಳೂ ಹೀಗೇ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಜಗುಲಿಗಳ ಮೇಲೆ ಕೂತಿದ್ದವು, ತಾಳೆಗರಿಯಲ್ಲಿ. ಅವನ್ನು ಬಿಚ್ಚಿಸಿದವರು ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರು. ಊರೂರು ತಿರುಗಿ, ಕಟ್ಟುಗಳನ್ನು ಬೇಡಿ ತಂದು, ಓದಿ, ನಕಲು ಮಾಡಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. ಆಮೇಲೆ ಮನೆ ಮಾರಿ ಆ ದುಡ್ಡಿನಲ್ಲಿ 1925ರಲ್ಲಿ ಹಿತಚಿಂತಕ ಅಂತ ಸ್ವಂತ ಛಾಪಖಾನೆ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ. ಅಂಗಡಿಯ ಸಾಲಕ್ಕೆ ಮನೆ ಮಾರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಚ್ಚಿನ ಮೊಳೆಗೆ ಮಾರಿದವರು ಇವರೊಬ್ಬರೇ ಇರಬೇಕು.

ಅವರ ಹೊಟ್ಟೆಪಾಡಿನ ಕೆಲಸ ಏನು ಗೊತ್ತಲ್ಲ? ವಕೀಲಿ. ಹಗಲು ಕೋರ್ಟಿನಲ್ಲಿ ತರ್ಕ ಮಾಡಿ ಬಂದವರು ರಾತ್ರಿ ದೀಪದ ಮುಂದೆ ಕೂತು "ತರ್ಕವೆಂಬುದು ತಗರ ಹೋರಟೆ" ಅನ್ನುವ ಸಾಲು ಓದಿದಾಗ ಏನಂದುಕೊಂಡಿರಬಹುದು ಅಂತ ಯೋಚಿಸುತ್ತಾ ನಿದ್ದೆ ಹೋದೆ.

ಭಾನುವಾರ ಬೆಳಿಗ್ಗೆ ಅಜ್ಜನ ಮನೆಗೆ ಹೋದೆ. ಟಗರು ಹಿತ್ತಲಲ್ಲಿ ಗೂಟಕ್ಕೆ ಕಟ್ಟಿತ್ತು. ಅಜ್ಜ ಅದರ ಕೊಂಬಿನ ಬುಡಕ್ಕೆ ಎಣ್ಣೆ-ಅರಿಶಿನ ಹಚ್ಚುತ್ತಿದ್ದರು. ಹಣೆ ಮುಟ್ಟಿ ನೋಡು ಅಂದರು. ಮುಟ್ಟಿದೆ. ಕೂದಲು ಸವೆದು ಚರ್ಮ ಗಟ್ಟಿಯಾಗಿತ್ತು, ಒಳಗೆ ಕಲ್ಲಿಟ್ಟ ಹಾಗೆ. ಎಡಗೊಂಬಿನ ಬುಡದಲ್ಲಿ ಹಳೆಯ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ನನಗೆ ಆ ಆಟ ಸೇರುವುದಿಲ್ಲ, ಅಜ್ಜನಿಗೆ ಅದನ್ನು ಹೇಳಲಿಲ್ಲ. ಟಗರಿನ ಕಣ್ಣು ಮಾತ್ರ ಬಹಳ ಶಾಂತ. ನನ್ನ ಅಂಗೈಯಲ್ಲಿದ್ದ ನೆನೆಸಿದ ಹುರುಳಿಯನ್ನು ಒಂದೊಂದೇ ಕಾಳು ಆರಿಸಿ ತಿಂದಿತು.

"ನಿನ್ನಿ ಕಡೀ ಮಾತಿಗೆ ನೀ ಅರ್ಥಾನ ಹೇಳಲಿಲ್ಲ" ಅಂದರು ಅಜ್ಜ, ಎಣ್ಣೆ ಹಚ್ಚುತ್ತಲೇ. "ಮೀರಿದ್ದು ಅಂದ್ಯಲ್ಲಾ, ಏನದು?"

ಮೀರಿದ ಘನ. ಅದು ನನಗೆ ಬರುತ್ತದೆ. ಅದರ ಮೇಲೆ ಎರಡು ಪುಸ್ತಕ ಓದಿದ್ದೇನೆ, ಎರಡರಲ್ಲೂ ಗೆರೆ ಇವೆ. ಮಾತಿಗೆ, ಮನಸ್ಸಿಗೆ ಸಿಗದ್ದು ಅಂತ ಎಲ್ಲಿಂದ ಶುರು ಮಾಡಲಿ, ಉಪನಿಷತ್ತಿನಿಂದಲೋ ಶೂನ್ಯದಿಂದಲೋ ಅಂದುಕೊಳ್ಳುತ್ತಾ ಗಂಟಲು ಸರಿಮಾಡಿಕೊಂಡೆ. ಕೈ ಒರೆಸಿಕೊಂಡೆ. ಜಾಗ ಮಾಡಿಕೊಳ್ಳಲು ಎರಡು ಹೆಜ್ಜೆ ಹಿಂದೆ ಹೋಗಿ ನಿಂತೆ.

ಅಜ್ಜ ತಲೆಯೆತ್ತಿ ನನ್ನ ಕಾಲು ನೋಡಿದರು. ಆಮೇಲೆ ಟಗರಿನ ಬೆನ್ನು ತಟ್ಟಿ ಅದಕ್ಕೆ ಹೇಳಿದರು. "ಹುಷಾರ್ ಮಗನ, ಹಿಂದಕ್ಕ ಸರದಾನ."

ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಅಜ್ಜನ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಇನ್ನೊಂದು ಕೊಂಬಿಗೆ ಹಚ್ಚಿದೆ.