ಮಕ್ಕಳ ಟ್ರೇಲ್‌ನಲ್ಲಿ ಕಾಡಿದ ಆ ಆರು ಮೀಟರ್

ದೊಡ್ಡಬಳ್ಳಾಪುರದ ಆಚೆ ಗೆಳೆಯರೊಬ್ಬರ ಹಳೆಯ ನೀಲಗಿರಿ ತೋಪಿನಲ್ಲಿ ನಮ್ಮ ಬಡಾವಣೆಯ ಮಕ್ಕಳಿಗಾಗಿ ಗುರುತು ಹಾಕಿದ್ದ ಸೈಕಲ್ ಟ್ರೇಲ್‌ನ ಸುತ್ತು ಕೊನೆಗೂ ಹದಕ್ಕೆ ಬಂದಿದೆ. ಏಳರಿಂದ ಹತ್ತು ವರ್ಷದ ಮಕ್ಕಳು ಈಗ ಯಾರ ಕೈಯಾಸರೆಯೂ ಇಲ್ಲದೆ ಇಡೀ ಸುತ್ತನ್ನು ಮುಗಿಸಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದಾರೆ. ಜಾಗ ಹುಡುಕಿದ್ದು, ಕಳೆ ತೆಗೆದದ್ದು, ಹೆಲ್ಮೆಟ್ ಅಳತೆ ನೋಡಿದ್ದು ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ಅವನ್ನು ಬಿಟ್ಟು, ನಮ್ಮನ್ನು ಬಹಳ ಕಾಲ ಕಾಡಿದ ಒಂದೇ ಒಂದು ತಿರುವಿನ ಬಗ್ಗೆ ಬರೆಯುತ್ತೇನೆ.

ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಎಂಟಿಬಿ, ಅಂದರೆ ಮೌಂಟನ್ ಬೈಕಿಂಗ್, ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ, ಆದರೆ ಮಕ್ಕಳ ಮೊದಲ ಪಾಠಕ್ಕೆ ಅದು ಜಾಗವಲ್ಲ. ಅರಣ್ಯ ಭೂಮಿಯಲ್ಲಿ ಸೈಕಲ್ ಓಡಿಸುವುದು ಇಲಾಖೆಯ ಅನುಮತಿಗೆ ಬಿಟ್ಟ ವಿಷಯ ಎನ್ನುವುದು ಒಂದು ಕಾರಣವಾದರೆ, ಅಲ್ಲಿನ ಬೇರು ಮತ್ತು ಬಂಡೆಯಂಚುಗಳು 20 ಇಂಚಿನ ಚಕ್ರಕ್ಕೆ ದೊಡ್ಡ ಮೆಟ್ಟಿಲುಗಳೇ ಆಗಿಬಿಡುವುದು ಇನ್ನೊಂದು ಕಾರಣ. ಹೆಸರಘಟ್ಟದ ಹುಲ್ಲುಗಾವಲು ನೋಡುವುದಕ್ಕೆ ಸಮತಟ್ಟಾಗಿ ಆಸೆ ಹುಟ್ಟಿಸುತ್ತದೆ, ಆದರೆ ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳ ನಡುವೆ ಮಕ್ಕಳ ಗುಂಪನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಹೀಗಾಗಿ ಮಾಲೀಕರ ಒಪ್ಪಿಗೆಯಿರುವ ಖಾಸಗಿ ತೋಪೇ ನಮಗೆ ಸರಿಯೆನಿಸಿತು.

ಅಳತೆಗೋಲಾಗಿ ಮೌಂಟನ್ ಬೈಕಿಂಗ್‌ನ ಅಂತರರಾಷ್ಟ್ರೀಯ ಸಂಘವಾದ ಇಂಬಾ (IMBA) ಸುಲಭ ದಾರಿಗಳಿಗೆ ಕೊಡುವ ಹಸಿರು ವೃತ್ತದ ದರ್ಜೆಯನ್ನು ಇಟ್ಟುಕೊಂಡೆವು. ದಾರಿ ಕನಿಷ್ಠ 36 ಇಂಚು ಅಗಲವಿರಬೇಕು, ನೆಲ ಗಟ್ಟಿಯಾಗಿರಬೇಕು, ಸರಾಸರಿ ಇಳಿಜಾರು ಶೇ. 5ನ್ನು ಮೀರಬಾರದು, ಅತಿ ಕಡಿದಾದ ಕಡೆಯೂ ಶೇ. 15ರೊಳಗಿರಬೇಕು, ತಪ್ಪಿಸಿಕೊಳ್ಳಲಾಗದ ಅಡೆತಡೆಗಳು 2 ಇಂಚಿಗಿಂತ ಎತ್ತರವಿರಬಾರದು ಎನ್ನುತ್ತದೆ ಅದು. ಈ ಕೊನೆಯ ಅಂಕಿಯನ್ನು ಮಕ್ಕಳಿಗಾಗಿ ನಾವು ಅರ್ಧಕ್ಕೆ ಇಳಿಸಿದೆವು, ಏಕೆಂದರೆ 29 ಇಂಚಿನ ಚಕ್ರ ಸಲೀಸಾಗಿ ಉರುಳಿ ದಾಟುವ ಬೇರು 20 ಇಂಚಿನ ಚಕ್ರವನ್ನು ಎದೆಗೊಟ್ಟು ನಿಲ್ಲಿಸುತ್ತದೆ. ಮೊಬೈಲ್ ಆ್ಯಪ್‌ನ ಲೆಕ್ಕದಲ್ಲಿ ನಮ್ಮ ಸುತ್ತಿನ ಸರಾಸರಿ ಇಳಿಜಾರು ಶೇ. 4 ಮಾತ್ರ ಇತ್ತು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು.

ಆದರೂ ಎರಡು ಜೋಡಿ ಮರಗಳ ನಡುವಿನ ಸಣ್ಣ ಇಳುಕಲಿನ ಕೆಳಗೆ, ಎಡಕ್ಕೆ ಹೊರಳುವ ತಿರುವಿನಲ್ಲಿ, ಮಕ್ಕಳು ಒಬ್ಬರ ಹಿಂದೆ ಒಬ್ಬರು ಜಾರುತ್ತಿದ್ದರು. ಎಂಟು ವರ್ಷದ ಹುಡುಗಿಯೊಬ್ಬಳು ಎದ್ದು ಮಣ್ಣು ಕೊಡವಿಕೊಂಡು, “ಈ ತಿರುವಿಗೆ ನನ್ನ ಮೇಲೆ ಏನು ಕೋಪ?” ಎಂದು ಕೇಳಿದಾಗ ಎಲ್ಲರೂ ನಕ್ಕೆವು, ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಲೇಬೇಕಿತ್ತು.

ಮೊದಲ ಅನುಮಾನ ಗರಸಿನ ಮೇಲಿತ್ತು. ನಮ್ಮ ಬಯಲುಸೀಮೆಯ ಗ್ರಾನೈಟು ಮತ್ತು ನೈಸ್ ಶಿಲೆ ಶಿಥಿಲಗೊಂಡಾಗ ಉಳಿಯುವ ಒರಟು ಹರಳುಗಳು ಗಟ್ಟಿ ನೆಲದ ಮೇಲೆ ರಾಗಿ ಚೆಲ್ಲಿದಂತೆ ಹರಡಿಕೊಂಡು, ಟೈರಿಗೆ ಹಿಡಿತವನ್ನೇ ಕೊಡುವುದಿಲ್ಲ. ಕಸಬರಿಕೆಯಿಂದ ಗುಡಿಸಿದರೆ ಒಂದು ಮಳೆಗೆ ಮೇಲಿನಿಂದ ಮತ್ತಷ್ಟು ಹರಿದು ಬಂದು ಅಲ್ಲೇ ಕೂರುತ್ತಿತ್ತು. ತಿರುವನ್ನೇ ಅಗಲಿಸೋಣವೆಂದರೆ ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ನೀರು ಹೋಗುವ ಕೊರಕಲು. ಟೈರ್ ಬದಲಿಸಿ ನೋಡೋಣವೆಂದು ಅಗಲವಾದ 20 ಇಂಚಿನ ಟೈರುಗಳನ್ನು ತರಿಸಿದರೆ, ಅಂಗಡಿಯವರು 406 ಮಿ.ಮೀ. ರಿಮ್ಮಿನ ಬದಲು 451 ಮಿ.ಮೀ. ರಿಮ್ಮಿನವನ್ನು ಕಳಿಸಿಕೊಟ್ಟರು. ಎರಡರ ಮೇಲೂ 20 ಎಂದೇ ಬರೆದಿರುತ್ತದೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಸೈಕಲ್ ಬಿಡಿಭಾಗ ಮಾರುವವರು ಈ ಒಂದು ಅಂಕಿಯನ್ನು ಓದಿ ಕಳಿಸಿದರೆ ಎಷ್ಟೋ ಮಕ್ಕಳ ಭಾನುವಾರಗಳು ಉಳಿಯುತ್ತವೆ ಎಂದು ನಾನು ಕಳಕಳಿಯಿಂದಲೇ ಹೇಳುತ್ತೇನೆ.

ದಾರಿ ತೋರಿಸಿದ್ದು ಗಾರೆ ಮೇಸ್ತ್ರಿಯ ಲೆವೆಲ್ ಪೈಪು. ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆಗಳನ್ನೆಲ್ಲ ಹೊರಹಾಕಿ, ಎರಡು ತುದಿಗಳನ್ನು ಎರಡು ಗೂಟಗಳಿಗೆ ಹಿಡಿದರೆ, ನೀರಿನ ಮಟ್ಟದಿಂದ ನೆಲಕ್ಕಿರುವ ಅಂತರದ ವ್ಯತ್ಯಾಸವೇ ನೆಲದ ಇಳಿತ, ಅದನ್ನು ಗೂಟಗಳ ನಡುವಿನ ದೂರದಿಂದ ಭಾಗಿಸಿದರೆ ಇಳಿಜಾರು. ಮೊಬೈಲ್‌ನ ಜಿಪಿಎಸ್ ಎತ್ತರದಲ್ಲಿ ಹಲವು ಮೀಟರ್ ಹೆಚ್ಚುಕಮ್ಮಿ ತೋರಿಸುವುದರಿಂದ, ಆ್ಯಪ್‌ಗಳು ಗೆರೆಯನ್ನು ನಯಗೊಳಿಸಿ ಕೊಡುತ್ತವೆ, ಹಾಗೆ ನಯಗೊಳಿಸುವಾಗ ಸಣ್ಣ ಕಡಿದು ಇಳಿಜಾರುಗಳು ಅಳಿಸಿಹೋಗುತ್ತವೆ. ಪೈಪು ಯಾವುದನ್ನೂ ನಯಗೊಳಿಸುವುದಿಲ್ಲ. ಆ ಮರಗಳ ನಡುವಿನ 6 ಮೀಟರ್‌ನಲ್ಲಿ ನೆಲ 84 ಸೆಂ.ಮೀ. ಇಳಿದಿತ್ತು, ಅಂದರೆ ಶೇ. 14. ಹಸಿರು ದರ್ಜೆಯ ಮಿತಿಯೊಳಗೇ ಇದೆ, ಆದರೆ ಅದರ ಬುಡದಲ್ಲೇ ಸುಮಾರು 3 ಮೀಟರ್ ತ್ರಿಜ್ಯದ ತಿರುವಿದೆ.

ಲೆಕ್ಕ ಹಾಕಿದಾಗ ಎಲ್ಲವೂ ತಿಳಿಯಾಯಿತು. ಗಂಟೆಗೆ 8 ಕಿ.ಮೀ. ವೇಗದಲ್ಲಿ ಆ ಇಳುಕಲಿಗೆ ಬಂದ ಮಗು ಬ್ರೇಕ್ ಹಿಡಿಯದಿದ್ದರೆ ಕೆಳಗೆ ತಲುಪುವಾಗ ವೇಗ 16 ಕಿ.ಮೀ. ಆಸುಪಾಸಿಗೆ ಏರುತ್ತದೆ. ಆ ವೇಗದಲ್ಲಿ ಅಷ್ಟು ಬಿಗಿಯಾದ ತಿರುವನ್ನು ದಾಟಲು ಟೈರು ಮಗು ಮತ್ತು ಸೈಕಲ್ಲಿನ ಒಟ್ಟು ತೂಕದ ಮೂರನೇ ಎರಡರಷ್ಟು ಪಕ್ಕದ ಹಿಡಿತವನ್ನು ಕೊಡಬೇಕು. ಸಡಿಲ ಗರಸು ಅಷ್ಟನ್ನು ಕೊಡುವುದಿಲ್ಲ. ಬ್ರೇಕ್ ಹಿಡಿದರಂತೂ, ಪುಟ್ಟ ಬೆರಳುಗಳಿಗೆ ಲಿವರ್ ದೂರವಾಗಿ, ಅವರು ಹಿಡಿಯುವುದು ತಿರುವಿನ ಒಳಗೇ, ಚಕ್ರ ಬಿಗಿದುಕೊಂಡು ಜಾರುವುದೂ ಅಲ್ಲೇ. ಲಿವರಿನ ಸಣ್ಣ ತಿರುಪನ್ನು ಒಳಕ್ಕೆ ತಿರುಗಿಸಿ ಬೆರಳಿಗೆ ಹತ್ತಿರ ತಂದದ್ದು ಎಲ್ಲ ಸೈಕಲ್ಲುಗಳಿಗೂ ಒಳ್ಳೆಯದೇ ಆಯಿತು, ಆದರೂ ತಿರುವು ಬಗ್ಗಲಿಲ್ಲ.

ಪರಿಹಾರ ಗುದ್ದಲಿಯಿಂದ ಬರಲಿಲ್ಲ. ಸುತ್ತನ್ನು ಉಲ್ಟಾ ದಿಕ್ಕಿನಲ್ಲಿ ಓಡಿಸಿದೆವು, ಅಷ್ಟೆ. ಈಗ ಆ 6 ಮೀಟರ್ ಏರಾಗಿದೆ. ಶಕ್ತಿಯಿದ್ದವರು ತುಳಿದು ಹತ್ತುತ್ತಾರೆ, ಉಳಿದವರು ಇಳಿದು ತಳ್ಳುತ್ತಾರೆ, ಯಾರೂ ಬೀಳುವುದಿಲ್ಲ. ಇಳಿಯುವುದು ಈಗ ತೋಪಿನ ಇನ್ನೊಂದು ಪಕ್ಕದ ಉದ್ದನೆಯ ಶೇ. 3ರ ಇಳಿಜಾರಿನಲ್ಲಿ. ಅಲ್ಲಿ ಮಣ್ಣಿನ ಎಳೆತವೇ ಇಳಿಜಾರಿನ ಬಹುಪಾಲನ್ನು ನುಂಗುವುದರಿಂದ ವೇಗ ಮಕ್ಕಳ ಕಾಲಿನ ಅಂಕೆಯಲ್ಲೇ ಇರುತ್ತದೆ, ಕೊನೆಗೆ ನೆಲ ಸ್ವಲ್ಪ ಮೇಲೇರಿ ಸೈಕಲ್ಲನ್ನು ತಾನಾಗಿ ನಿಧಾನಗೊಳಿಸುತ್ತದೆ. ಏರಿನ ಬಳಿ ಸೈಕಲ್ ತಳ್ಳುವವರಿಗಾಗಿ ದಾರಿಯನ್ನು ಒಂದಿಷ್ಟು ಅಗಲಿಸಿ, ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋಗಲೆಂದು ಮರಗಳ ಮೇಲೆ ಸುಣ್ಣದ ಬಾಣಗಳನ್ನು ಬಳಿದಿದ್ದೇವೆ.

ಮಕ್ಕಳಿಗಾಗಿ ಟ್ರೇಲ್ ಆರಿಸುವವರು ಒಟ್ಟು ಉದ್ದವನ್ನೂ ಸರಾಸರಿ ಇಳಿಜಾರನ್ನೂ ಆಮೇಲೆ ನೋಡಿ, ಅತ್ಯಂತ ಕಡಿದಾದ ಹತ್ತು ಮೀಟರ್ ಎಲ್ಲಿದೆ, ಅದರ ಬುಡದಲ್ಲಿ ಏನಿದೆ ಎಂಬುದನ್ನು ಮೊದಲು ನೋಡಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ನೀಲಗಿರಿ ತೋಪಾದರೆ ಉದುರಿದ ತೊಗಟೆ ಮತ್ತು ಎಲೆಗಳನ್ನು ಪ್ರತಿ ಸಲವೂ ಸರಿಸಬೇಕು, ಏಕೆಂದರೆ ಅವು ಜಾರುವುದಷ್ಟೇ ಅಲ್ಲ, ಬೇರುಗಳನ್ನು ಮುಚ್ಚಿಟ್ಟುಕೊಳ್ಳುತ್ತವೆ. ಮಳೆ ನಿಂತ ಕೂಡಲೇ ಹೋಗಬೇಡಿ, ಕೆಮ್ಮಣ್ಣು ಟೈರಿಗೆ ಮೆತ್ತಿಕೊಂಡು ದಾರಿಯಲ್ಲಿ ಕೊರಕಲು ಬೀಳುತ್ತದೆ. ಒಂದೆರಡು ದಿನ ಬಿಟ್ಟು ಹೋದರೆ ಹಿಡಿತವೂ ಸೊಗಸಾಗಿರುತ್ತದೆ, ಟ್ರೇಲ್ ಕೂಡ ಉಳಿಯುತ್ತದೆ.

ಇಷ್ಟು ಬರೆಯುವಾಗಲೇ ನನ್ನ ಮನಸ್ಸು ತೋಪಿನ ಅಂಚಿನ ಖಾಲಿ ಜಾಗಕ್ಕೆ ಓಡುತ್ತಿದೆ. ಅಲ್ಲೊಂದು ಪುಟ್ಟ ಪಂಪ್ ಟ್ರ್ಯಾಕ್, ಅಂದರೆ ಪೆಡಲ್ ತುಳಿಯದೆ ಮೈಯನ್ನು ಮೇಲೆ ಕೆಳಗೆ ಆಡಿಸಿಯೇ ಸೈಕಲ್ ಓಡಿಸುವ ಉಬ್ಬುಗಳ ದಾರಿ, ಕಟ್ಟುವ ಯೋಜನೆಯಿದೆ. ಉಬ್ಬುಗಳ ಎತ್ತರ 30 ಸೆಂ.ಮೀ., ಒಂದರಿಂದ ಇನ್ನೊಂದಕ್ಕೆ ಅಂತರ 3 ಮೀಟರ್, ಅಂದರೆ ರೂಢಿಯಲ್ಲಿರುವ ಒಂದಕ್ಕೆ ಹತ್ತರ ಪ್ರಮಾಣ. ಮಣ್ಣು ಅಲ್ಲಿಯದೇ ಸಾಕು, ಆದರೆ ಗರಸನ್ನು ಜರಡಿ ಹಿಡಿದು ತೆಗೆದು, ಜೇಡಿ ಅಂಶ ಹೆಚ್ಚಿರುವ ಕೆಮ್ಮಣ್ಣನ್ನು ಮೇಲ್ಪದರಕ್ಕೆ ಹಾಕಬೇಕು. ತೇವ ಸರಿಯಿರುವಾಗಲೇ ದಮ್ಮಸ್ಸು ಹೊಡೆದರೆ ಮಾತ್ರ ಉಬ್ಬು ನಿಲ್ಲುತ್ತದೆ, ಆದ್ದರಿಂದ ಹಿಂಗಾರು ಮುಗಿಯುವ ಮೊದಲೇ ಕೆಲಸ ಶುರುಮಾಡುತ್ತೇವೆ.