ಹಾರ್ನ್ ದನಿಯ ಬೆನ್ನು ಹತ್ತಿ ಬ್ರೈಸ್‌ಗೆ

ಲಾಸ್ ವೇಗಸ್ ಬಿಟ್ಟು ಐ-15 ಹೆದ್ದಾರಿ ಹಿಡಿದರೆ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್ ಸುಮಾರು ನಾಲ್ಕು ತಾಸಿನ ದಾರಿ. ಲಾಂಗ್ ವೀಕೆಂಡ್ ಸಿಕ್ಕರೆ ಸಾಕು, ಇಲ್ಲಿನ ಕನ್ನಡ ಕುಟುಂಬಗಳು ಕಮರಿಗಳ ರಾಷ್ಟ್ರೀಯ ಉದ್ಯಾನಗಳಾದ ಝಯಾನ್, ಬ್ರೈಸ್ ಎರಡನ್ನೂ ನೋಡಿ ಬರುತ್ತವೆ. ನಮ್ಮನ್ನು ಅಲ್ಲಿಗೆ ಎಳೆದದ್ದು ಆರೇಳು ನಿಮಿಷದ ಒಂದು ಸಂಗೀತ.

ಮಗಳು ಶಾಲೆಯ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್ ಎಂಬ, ಸುರುಳಿ ಸುತ್ತಿದ ಹಿತ್ತಾಳೆಯ ಊದುವಾದ್ಯ ನುಡಿಸುತ್ತಾಳೆ. ಚಳಿಗಾಲದಲ್ಲಿ ಅವಳ ಮೇಷ್ಟ್ರ ಕಛೇರಿ ಇತ್ತು. ಪಿಯಾನೊ ಇಲ್ಲ, ಪಕ್ಕವಾದ್ಯ ಇಲ್ಲ, ವೇದಿಕೆಯ ಮೇಲೆ ಅವರೊಬ್ಬರೇ. ತಂಬೂರಿಯ ಶ್ರುತಿ ಬೆನ್ನಿಗಿದ್ದೇ ಸಂಗೀತ ಕೇಳಿ ಬೆಳೆದ ನನಗೆ ಆ ಖಾಲಿತನಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕಾಯಿತು. ಕೊನೆಗೆ ಅವರು ನುಡಿಸಿದ್ದು ಫ್ರಾನ್ಸಿನ ಒಲಿವಿಯೆ ಮೆಸ್ಸಿಯಾ ಬರೆದ 'ನಕ್ಷತ್ರಗಳ ನಡುವಿನ ಕರೆ'. ಹಾರ್ನಿನ ಅಗಲ ಬಾಯಿಗೆ ಅಂಗೈ ತುರುಕಿ ಸ್ವರವನ್ನು ಉಸಿರುಗಟ್ಟಿಸುತ್ತಾರೆ. ನಾಲಿಗೆ ಹೊರಳಿಸುತ್ತ ಊದಿ ದನಿಯನ್ನು ನಡುಗಿಸುತ್ತಾರೆ. ಸ್ವರ ಬದಲಿಸುವ ಗುಂಡಿಯಾದ ವಾಲ್ವನ್ನು ಅರ್ಧ ಮಾತ್ರ ಒತ್ತಿದಾಗ ಬರುವ ಸದ್ದು ಸ್ವರವೂ ಅಲ್ಲ, ಗದ್ದಲವೂ ಅಲ್ಲ, ಅಳುವಿಗೆ ಹತ್ತಿರದ್ದು. ಜೋರಾಗಿ ಒಂದು ಕೂಗು, ಆಮೇಲೆ ಉದ್ದನೆಯ ಮೌನ. ಯಾರೂ ಓಗೊಡುವುದಿಲ್ಲ. ಮತ್ತೆ ಕೂಗು.

ಮೆಸ್ಸಿಯಾ ಪ್ಯಾರಿಸ್ಸಿನ ಟ್ರಿನಿಟಿ ಚರ್ಚಿನಲ್ಲಿ 1931ರಿಂದ ಆರ್ಗನ್ ನುಡಿಸುತ್ತಿದ್ದವರು. ಹಕ್ಕಿಗಳ ಹಾಡನ್ನು ಕಾಡಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಸ್ವರ ಕೇಳಿದರೆ ಅವರಿಗೆ ಬಣ್ಣ ಕಾಣುತ್ತಿತ್ತು. ಅಮೆರಿಕದ 200ನೇ ವರ್ಷಾಚರಣೆಗೆಂದು ಆಲಿಸ್ ಟುಲಿ ಎಂಬ ಕಲಾಪೋಷಕಿ ಅವರಿಂದ ಒಂದು ಕೃತಿ ಬರೆಸಲು ಹೊರಟರು. ಮೆಸ್ಸಿಯಾ 1972ರಲ್ಲಿ ಪತ್ನಿ, ಪಿಯಾನೊ ಕಲಾವಿದೆ ಇವೊನ್ ಲೋರಿಯೊ ಅವರೊಂದಿಗೆ ಯೂಟಾಕ್ಕೆ ಬಂದು ಬ್ರೈಸ್, ಸೀಡರ್ ಬ್ರೇಕ್ಸ್, ಝಯಾನ್ ಸುತ್ತಿದರು. ಅದರ ಫಲವೇ 'ಕಮರಿಗಳಿಂದ ನಕ್ಷತ್ರಗಳಿಗೆ' ಎಂಬ ಹನ್ನೆರಡು ಭಾಗಗಳ ದೊಡ್ಡ ಕೃತಿ. ಮೊದಲ ಪ್ರದರ್ಶನ 1974ರ ನವೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ. ಮೇಷ್ಟ್ರು ನುಡಿಸಿದ, ಹಾರ್ನ್ ಒಂಟಿಯಾಗಿ ನುಡಿಯುವ ಆ ಕರೆ ಅದರ ಆರನೆಯ ಭಾಗ. ಬ್ರೈಸ್ ಕ್ಯಾನ್ಯನ್ನಿನ ಕೆಂಪು-ಕಿತ್ತಳೆ ಬಂಡೆಗಳು ಬರುವುದು ಅದರ ಬೆನ್ನಿಗೇ, ಏಳನೆಯದರಲ್ಲಿ.

ಮೇ ತಿಂಗಳ ನಡುವೆ ಹೊರಟೆವು. ಪಾರೊವನ್ ಊರಿನ ಹತ್ತಿರ ಒಂದು ಬೆಟ್ಟಕ್ಕೆ 1978ರಲ್ಲಿ ಮೆಸ್ಸಿಯಾ ಅವರ ಹೆಸರನ್ನು ಇಟ್ಟಿದ್ದಾರೆ. ಸಂಗೀತಗಾರನೊಬ್ಬ ಕೆಲವೇ ದಿನ ಇದ್ದು ಹೋದ ನೆಲ ಅವನನ್ನು ಹೀಗೆ ನೆನಪಿಟ್ಟುಕೊಂಡದ್ದು ನನಗೆ ತುಂಬ ಹಿಡಿಸಿತು. ಸೀಡರ್ ಬ್ರೇಕ್ಸ್ ರಸ್ತೆ ಹಿಮದಿಂದಾಗಿ ಇನ್ನೂ ಮುಚ್ಚಿತ್ತು. 20ನೇ ನಂಬರಿನ ರಸ್ತೆ ಹಿಡಿದು ಗುಡ್ಡ ದಾಟಿ ಬ್ರೈಸ್ ಸೇರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು.

ಕಾರು ನಿಲ್ಲಿಸಿ ಪೈನ್ ಮರಗಳ ನಡುವೆ ನಾಲ್ಕು ಹೆಜ್ಜೆ ಇಟ್ಟರೆ ನೆಲ ಮುಗಿದೇ ಹೋಗುತ್ತದೆ. ಕೆಳಗೆ ಸಾವಿರಾರು ಕಲ್ಲುಕಂಬಗಳು. ಇಲ್ಲಿ ಅವನ್ನು ಹೂಡೂ ಎನ್ನುತ್ತಾರೆ. 2400 ಮೀಟರಿಗೂ ಎತ್ತರದ ಜಾಗ ಇದು. ವರ್ಷದ ಅರ್ಧದಷ್ಟು ದಿನ ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಬಿರುಕಿನಲ್ಲಿ ಇಳಿದ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಸೀಳಿ ಉಳಿದದ್ದೇ ಈ ಕಂಬಗಳು. ಕೆಂಪು, ಕಿತ್ತಳೆ ಬಣ್ಣಗಳು ಕಲ್ಲಿನಲ್ಲಿರುವ ಕಬ್ಬಿಣದ್ದು. ಇಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರ ಕಥೆಯಲ್ಲಿ ಈ ಕಂಬಗಳೆಲ್ಲ ಹಿಂದೊಮ್ಮೆ ಇಲ್ಲಿದ್ದವರು. ಕೆಟ್ಟದ್ದು ಮಾಡಿದ್ದಕ್ಕೆ ಕಯೋಟಿ ಎಂಬ, ನರಿಯಂಥ ಪ್ರಾಣಿ ಅವರನ್ನು ಕಲ್ಲಾಗಿಸಿತಂತೆ. ಕಡುನೀಲಿ ಸ್ಟೆಲರ್ ಜೇ ಹಕ್ಕಿಯೊಂದು ಆ ಕೆಂಪಿನ ಮೇಲೆ ಹಾದುಹೋಯಿತು. ಮೆಸ್ಸಿಯಾ ಮನಸೋತದ್ದೂ ಇದೇ ನೀಲಿ ಕೆಂಪುಗಳ ಜೊತೆಗೆ.

"ಅಮ್ಮಾ, ಆ ಹಾರ್ನ್ ಪೀಸು ಇದನ್ನ ನೋಡಿಯೇ ಬರೆದದ್ದಾ?" ಎಂದಳು ಮಗಳು. ಅಲ್ಲ. ಯೂಟಾ ಕಾಣುವ ಮೊದಲೇ ಅದು ಹುಟ್ಟಿತ್ತು. ಝಾನ್-ಪಿಯರ್ ಗೆಝೆಕ್ ಎಂಬ ಸಂಯೋಜಕ 1971ರಲ್ಲಿ ಮೂವತ್ತಾರರ ಪ್ರಾಯದಲ್ಲಿ ತೀರಿಕೊಂಡರು. ಅವರ ನೆನಪಿಗೆಂದು ಮೆಸ್ಸಿಯಾ ಒಂಟಿ ಹಾರ್ನಿಗೆ ಬರೆದದ್ದು ಈ ಕೂಗು. ಮುಂದೆ ಅದನ್ನು ದೊಡ್ಡ ಕೃತಿಯೊಳಗೆ ತಂದು ಕೂರಿಸುವಾಗ ಬೈಬಲ್ಲಿನ ಎರಡು ಮಾತು ಜೊತೆಗಿಟ್ಟರು. ಮುರಿದ ಮನಸ್ಸುಗಳಿಗೆ ಪಟ್ಟಿ ಕಟ್ಟುವವನೇ ನಕ್ಷತ್ರಗಳ ಲೆಕ್ಕವನ್ನೂ ಬಲ್ಲನೆಂಬ ಕೀರ್ತನೆ ಒಂದು. ತನ್ನ ರಕ್ತವನ್ನು ಮುಚ್ಚಬೇಡವೆಂದು ಭೂಮಿಯನ್ನೇ ಬೇಡುವ ಯೋಬನ ಮಾತು ಇನ್ನೊಂದು. ದುಃಖ ಮೊದಲು ಬಂತು, ಅದಕ್ಕೆ ತಕ್ಕ ಜಾಗ ಆಮೇಲೆ ಸಿಕ್ಕಿತು. ಮೇಷ್ಟ್ರು ಬೆವರುತ್ತ ಊದಿದ್ದು ಕಲ್ಲಿನ ವರ್ಣನೆಯಲ್ಲ, ತೀರಿಹೋದವನನ್ನು ಕೂಗುವ ದನಿ ಎಂದು ನನಗೆ ಅರ್ಥವಾದದ್ದು ಆ ಅಂಚಿನಲ್ಲಿ. ಆ ಮೌನಗಳಿಗೆ ಅಷ್ಟು ಉದ್ದ ಬೇಕೇ ಬೇಕು.

ರಾತ್ರಿ ಚಳಿ ಕೊರೆಯುತ್ತಿದ್ದರೂ ಮತ್ತೆ ಅಂಚಿಗೆ ಹೋದೆವು. ಊರದೀಪಗಳಿಲ್ಲದ ಆಕಾಶ, ಹಾಲುಹಾದಿ ಬರಿಗಣ್ಣಿಗೆ ಸ್ಪಷ್ಟ.

ಮರುದಿನ ಝಯಾನ್. ಮೆಸ್ಸಿಯಾ ಕೃತಿ ಮುಗಿಯುವುದೂ ಅಲ್ಲೇ. ಬ್ರೈಸ್‌ನಲ್ಲಿ ಮೇಲೆ ನಿಂತು ನೋಡಿದರೆ, ಇಲ್ಲಿ ಕಮರಿಯ ತಳದಲ್ಲಿ ನಿಂತು ಕತ್ತೆತ್ತಬೇಕು. ಬಂಡೆಯ ಗೋಡೆಯಿಂದ ಒಂದು ಸಿಳ್ಳೆ ಮೇಲಿನಿಂದ ಕೆಳಕ್ಕೆ ಉರುಳುತ್ತ ಬಂತು. ಕ್ಯಾನ್ಯನ್ ರೆನ್, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಕ್ಕಿ. ಆ ಹಾರ್ನ್ ಕೃತಿಯೊಳಗೆ ಇದರ ಹಾಡೂ ಇದೆ. ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮತ್ತೆ ಮತ್ತೆ ಕೇಳಿದಳು. "ಇಳೀತಾ ಇಳೀತಾ ನಿಧಾನ ಆಗತ್ತೆ ಅಮ್ಮಾ, ಕೇಳಿಸ್ಕೋ. ಇದನ್ನ ಸರ್‌ಗೆ ಈಗಲೇ ಕಳಿಸ್ತೀನಿ" ಎಂದಳು. ಕಮರಿಯೊಳಗೆ ಸಿಗ್ನಲ್ ಇರಲಿಲ್ಲ. ಊರು ಸಿಕ್ಕಿದ ಕೂಡಲೇ ಕಳಿಸಿದಳು.